ಸಂತಾನಾ ತಂಡದ ಮೊದಲ ಮೂರು ಆಲ್ಬಂ: ಮೂರು ವಾರ ಕೇಳಿದ ಮೇಲೆ

ಗಿಟಾರಿಸ್ಟ್ ಕಾರ್ಲೋಸ್ ಸಂತಾನಾರ ರಾಕ್ ತಂಡದ ಮೊದಲ ಮೂರು ಆಲ್ಬಂಗಳಲ್ಲಿ ಯಾವುದು ಮೇಲು? ನನಗೆ ಇದನ್ನು ಒಮ್ಮೆ ಸರಿಯಾಗಿ ಕೇಳಿಯೇ ತೀರ್ಮಾನಿಸಬೇಕು ಅನಿಸಿತ್ತು. ವಾರಕ್ಕೊಂದು ಆಲ್ಬಂ. ರಾತ್ರಿ ಊಟ ಆದ ಮೇಲೆ, ಅದೇ ಹೆಡ್‌ಫೋನಿನಲ್ಲಿ, ಮಧ್ಯೆ ಯಾವ ಹಾಡನ್ನೂ ಹಾರಿಸದೆ.

ಮೊದಲ ವಾರ 1969ರ ‘ಸಂತಾನಾ’. ತಂಡ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದ ಆಗಸ್ಟ್ ತಿಂಗಳಲ್ಲೇ ಇದು ಬಂತು. ‘ಜಿಂಗೊ’ ಶುರುವಾದರೆ ಕಾಲು ತಾನೇ ತಾಳ ಹಾಕುತ್ತದೆ. ಆದರೆ ನಾಲ್ಕನೇ ದಿನಕ್ಕೆ ಸ್ವಲ್ಪ ಸುಸ್ತಾಯಿತು. ಗಿಟಾರ್, ಆರ್ಗನ್, ಕೈಯಲ್ಲಿ ಬಡಿಯುವ ಕಾಂಗಾ ಡ್ರಮ್ ಎಲ್ಲವೂ ಒಟ್ಟಿಗೇ ಮುಂದೆ ನುಗ್ಗುತ್ತವೆ, ಯಾರೂ ಹಿಂದೆ ಸರಿಯುವುದಿಲ್ಲ. ‘ಸೋಲ್ ಸ್ಯಾಕ್ರಿಫೈಸ್’ ಅಂತೂ ನನಗೆ ಆಲ್ಬಂಗಿಂತ ವುಡ್‌ಸ್ಟಾಕ್ ವೇದಿಕೆಯ ಮೇಲೆಯೇ ಜಾಸ್ತಿ ಇಷ್ಟ. ಅಲ್ಲಿ 20 ವರ್ಷದ ಮೈಕಲ್ ಶ್ರೀವ್ ಡ್ರಮ್ಸ್ ನುಡಿಸುವುದನ್ನು ನೋಡಿಯೇ ತಿಳಿಯಬೇಕು.

ಎರಡನೇ ವಾರ 1970ರ ‘ಅಬ್ರಾಕ್ಸಸ್’. ಅದೇ ತಂಡ, ನಡುವೆ ಒಂದೇ ವರ್ಷ. ಆದರೆ ಈಗ ಒಬ್ಬರು ನುಡಿಸುವಾಗ ಉಳಿದವರು ಕಿವಿಗೊಡುತ್ತಾರೆ. ಗಾಳಿಗೆ ಗಂಟೆ ಅಲುಗಿದಂಥ ಸದ್ದಿನಿಂದ ಆಲ್ಬಂ ಶುರುವಾಗುತ್ತದೆ. ಪಿಯಾನೊ ಮೆಲ್ಲಗೆ ಸೇರುತ್ತದೆ. ಅದು ಕರಗುತ್ತಾ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಆಗುತ್ತದೆ. ಇದು ಮೂಲದಲ್ಲಿ ಪೀಟರ್ ಗ್ರೀನ್ ಬರೆದ ಹಾಡು, 1968ರಲ್ಲಿ ಅವರ ಬ್ರಿಟಿಷ್ ತಂಡ ಫ್ಲೀಟ್‌ವುಡ್ ಮ್ಯಾಕ್ ಹಾಡಿದ್ದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಗ್ರೀನ್‌ರದ್ದು ಒಳ್ಳೆಯ ಬ್ಲೂಸ್, ನೋವು ಗಿಟಾರಿನಲ್ಲೇ ಇದೆ. ಸಂತಾನಾರದ್ದರಲ್ಲಿ ಆ ನೋವಿನ ಕೆಳಗೆ ಕಾಂಗಾ ಮತ್ತು ಕೋಲಿನಿಂದ ಬಡಿಯುವ ಟಿಂಬಾಲೆ ಡ್ರಮ್ ಸೇರಿಕೊಂಡು, ಹಾಡು ನಡೆಯುವ ನೆಲವೇ ಬೇರೆಯಾಗಿದೆ. ಕೊನೆಗೆ ಅದು ಹಂಗೇರಿಯ ಗಿಟಾರಿಸ್ಟ್ ಗಾಬೊರ್ ಸಾಬೊರ ‘ಜಿಪ್ಸಿ ಕ್ವೀನ್’ಗೆ ಜಿಗಿದು ಓಡುತ್ತದೆ.

‘ಓಯೆ ಕೊಮೊ ವಾ’ಗೂ ಹೀಗೇ ಮಾಡಿದೆ. ಲ್ಯಾಟಿನ್ ನೃತ್ಯಸಂಗೀತದ ಟಿಟೊ ಪುಯೆಂತೆಯವರ ಮೂಲದಲ್ಲಿ ಕೊಳಲೂ ಹಿತ್ತಾಳೆ ವಾದ್ಯಗಳೂ ಸೇರಿ ನೃತ್ಯದ ಹಾಲ್ ತುಂಬಿಸುತ್ತವೆ. ಇಲ್ಲಿ ಸಂತಾನಾ ತಂಡದ ಗ್ರೆಗ್ ರೋಲಿಯ ಆರ್ಗನ್, ಅದರ ಮೇಲೆ ಗಿಟಾರ್. ಕುಣಿಸುವುದರಲ್ಲಿ ಪುಯೆಂತೆಯವರದ್ದೇ ಮುಂದೆ, ಅದನ್ನು ಒಪ್ಪಲೇಬೇಕು. ಆದರೆ ಒಬ್ಬನೇ ಕೂತು ಕೇಳಲು ನನಗೆ ಸಂತಾನಾರದ್ದೇ ಬೇಕು.

ಆಮೇಲೆ ‘ಸಾಂಬಾ ಪಾ ತಿ’. ಹಾಡುವ ಮಾತೇ ಇಲ್ಲ, ಬರೀ ವಾದ್ಯ. ಮೊದಲರ್ಧದಲ್ಲಿ ಗಿಟಾರ್ ಯಾರನ್ನೋ ಸಮಾಧಾನ ಮಾಡುತ್ತಿದೆ ಅನಿಸುತ್ತದೆ, ಅರ್ಧದ ಮೇಲೆ ತಾಳ ಚುರುಕಾಗಿ ಬೇಸರವೆಲ್ಲ ಹಗುರವಾಗುತ್ತದೆ. ಕಾರ್ಲೋಸ್ ಅವರ ತಂದೆ ಮೆಕ್ಸಿಕೊದಲ್ಲಿ ಮರಿಯಾಚಿ ಎಂಬ ಅಲ್ಲಿನ ಜನಪದ ಸಂಗೀತದ ಪಿಟೀಲು ನುಡಿಸುತ್ತಿದ್ದವರು. ಒಂದೊಂದು ಸ್ವರವನ್ನು ಎಳೆದು ಹಾಡಿಸುವ ಈ ರೀತಿ ಆ ಪಿಟೀಲಿನಿಂದಲೇ ಬಂತೇನೋ ಅನಿಸುತ್ತದೆ. ಒಂದು ರಾತ್ರಿ ಇದನ್ನು ಸ್ಪೀಕರಿನಲ್ಲಿ ಹಾಕಿದ್ದೆ. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಯಾರದ್ದು ಅಂತ ಕೇಳಲಿಲ್ಲ, ‘ಇನ್ನೊಂದ್ಸಲ ಹಾಕು’ ಅಂದರು.

ಕೊರತೆ ಇಲ್ಲವೇ? ಇದೆ. ‘ಮದರ್ಸ್ ಡಾಟರ್’ ಬೇರೆ ಯಾವ ರಾಕ್ ತಂಡವಾದರೂ ನುಡಿಸಬಹುದಾದ ಹಾಡು.

ಮೂರನೇ ವಾರ 1971ರ ಆಲ್ಬಂ, ‘ಸಂತಾನಾ 3’ ಅಂತ ಎಲ್ಲರೂ ಕರೆಯುವುದು. ಹದಿಹರೆಯದ ನೀಲ್ ಶಾನ್ ಎರಡನೇ ಗಿಟಾರಿಸ್ಟ್ ಆಗಿ ಸೇರಿದ್ದರು. ‘ಎವ್ರಿಬಡೀಸ್ ಎವ್ರಿಥಿಂಗ್’ನಲ್ಲಿ ಟವರ್ ಆಫ್ ಪವರ್ ತಂಡದ ಹಿತ್ತಾಳೆ ವಾದ್ಯಗಳೂ ಇವೆ. ‘ತುಸೆನ್ ಲುವರ್ಚರ್’ ಕೇಳಿ, ಮೈ ಬಿಸಿಯಾಗುತ್ತದೆ. ತಾಳವಾದ್ಯವೇ ನಿಮಗೆ ಮುಖ್ಯವಾದರೆ ಮೂರರಲ್ಲಿ ಇದೇ ಮೊದಲು. ಗಿಟಾರಿನ ವಿಷಯದಲ್ಲಿ ನನಗೆ ಜನಜಂಗುಳಿ ಅನಿಸಿತು.

ಹಾಗಾಗಿ ನನ್ನ ಆಯ್ಕೆ ‘ಅಬ್ರಾಕ್ಸಸ್’. ಒಟ್ಟು 37 ನಿಮಿಷ ಅಷ್ಟೇ. ಕೇಳುವ ಮೊದಲು ಫೋನಿನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ತೆಗೆದುಬಿಡಿ. ಮೊದಲ ಸಲ ನಾನು ಅದನ್ನು ಮರೆತಿದ್ದೆ, ಆ ಗಂಟೆಗಳ ಸದ್ದು ಎಲ್ಲಿಗೂ ಸೇರದೆ ನಿಂತುಹೋಗಿತ್ತು.