ಹೊಸಬರಿಗೆ ವಿಸ್ಕಿ ಉಡುಗೊರೆ: ಗ್ಲೆನ್‌ಮಾರಂಜಿ ಒರಿಜಿನಲ್ ನನ್ನ ಮಾನ ಉಳಿಸಿತು

"ಭಾವ, ಇದು ಆಸ್ಪತ್ರೆ ವಾಸನೆ ಹೊಡೀತಿದೆಯಲ್ಲ" ಅಂದಿದ್ದ ನಮ್ಮ ಭಾಮೈದ, ಗ್ಲಾಸನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದು. ಅವನ ಮೂವತ್ತನೇ ಹುಟ್ಟುಹಬ್ಬಕ್ಕೆ ನಾನೇ ಆರಿಸಿ ತಂದಿದ್ದ ಬಾಟಲಿ ಅದು. ಬಿಯರ್ ಬಿಟ್ಟು ಬೇರೇನೂ ಮುಟ್ಟದವನು, ವಿಸ್ಕಿ ಹೇಗಿರುತ್ತೆ ಒಮ್ಮೆ ನೋಡಬೇಕು ಅಂತಿದ್ದ. ನಾನು ನನಗಿಷ್ಟ ಅಂತ ಸ್ಕಾಟ್ಲೆಂಡಿನ ಐಲಾ ದ್ವೀಪದ, ಗಾಢ ಹೊಗೆ ವಾಸನೆಯ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಮನೆಯಲ್ಲಿ ಬರೀ ಬಾರ್ಲಿಯಿಂದ ಮಾಡಿದ ವಿಸ್ಕಿ) ತಂದುಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. ಬಾಟಲಿ ವಾಪಸ್ ನನ್ನ ಮನೆಗೇ ಬಂತು. ಅದರ ಹೆಸರು ಹೇಳಲ್ಲ, ತಪ್ಪು ವಿಸ್ಕಿಯದ್ದಲ್ಲ, ಆರಿಸಿದವನದ್ದು.

ಅವನ ಮೂಗೂ ಸುಳ್ಳು ಹೇಳಿರಲಿಲ್ಲ ಬಿಡಿ. ಇಂಥ ಹೊಗೆ ವಿಸ್ಕಿಗೆ ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸುವಾಗ ಪೀಟ್ ಉರಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಕೂತ ಗಿಡಗಂಟಿಯ ಹೆಂಟೆ. ಅದರ ಹೊಗೆಯಲ್ಲಿರುವ ಫೀನಾಲ್‌ಗಳು ಕಾಳಿಗೆ ಅಂಟಿಕೊಂಡು, ಹುಳಿ ಬಂದು, ಭಟ್ಟಿ ಇಳಿದು, ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂತ ಮೇಲೂ ಬಿಟ್ಟು ಹೋಗಲ್ಲ. ಹಳೇ ಕಾಲದ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಕೂಡ ಫೀನಾಲೇ. ರೂಢಿಯಾದವರಿಗೆ ಅದೇ ಸುಖ, ಹೊಸಬರಿಗೆ ಶಿಕ್ಷೆ.

ಹಾಗಾಗಿ ಈ ಸಲ ಅವನಿಗೆ ಬಡ್ತಿ ಸಿಕ್ಕಿದಾಗ ನನ್ನ ನಾಲಿಗೆ ಮಾತು ಕೇಳಲಿಲ್ಲ. ಗ್ಲೆನ್‌ಮಾರಂಜಿ ಒರಿಜಿನಲ್ ತಂದೆ. (ಕೊನೆಯಲ್ಲಿ "ಗಿ" ಅಲ್ಲ, "ಜಿ". ಎಷ್ಟೋ ವರ್ಷ ನಾನೂ ತಪ್ಪಾಗಿಯೇ ಹೇಳುತ್ತಿದ್ದೆ.) 1843ರಲ್ಲಿ ಶುರುವಾದ, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಭಾಗದ ಕಂಪನಿ. ಮೊದಲು ಇದು 10 ವರ್ಷದ ವಿಸ್ಕಿಯಾಗಿತ್ತು, 2024ರಲ್ಲಿ 12 ವರ್ಷದ್ದು ಮಾಡಿದರು. ನಾನು ಕೊಟ್ಟಿದ್ದು ಹೊಸದು. ಆಲ್ಕೋಹಾಲ್ ಶೇ. 40.

ಇದು ಹಗುರ ಯಾಕೆ ಅನ್ನೋದಕ್ಕೆ ಒಂದು ಮಜವಾದ ಕಾರಣ ಇದೆ. ಇವರ ತಾಮ್ರದ ಭಟ್ಟಿಗಳ ಕತ್ತು 5.14 ಮೀಟರ್ ಉದ್ದ, ಸ್ಕಾಟ್ಲೆಂಡಿನಲ್ಲೇ ಎಲ್ಲಕ್ಕಿಂತ ಎತ್ತರ. ಜಿರಾಫೆಯಷ್ಟು ಅಂತ ಅವರೇ ಹೇಳಿಕೊಳ್ಳುತ್ತಾರೆ. ಆವಿ ಅಷ್ಟೆತ್ತರ ಏರುವಷ್ಟರಲ್ಲಿ ಎಣ್ಣೆ ಎಣ್ಣೆಯಾದ ಭಾರದ ಅಂಶಗಳು ದಮ್ಮು ಸಾಲದೆ ಕೆಳಗೇ ಬೀಳುತ್ತವೆ, ಹಗುರವಾದದ್ದು ಮಾತ್ರ ಆಚೆ ದಾಟುತ್ತದೆ. ಆಮೇಲೆ ಅಮೆರಿಕದಲ್ಲಿ ಬರ್ಬನ್ (ಅಲ್ಲಿನ ಮೆಕ್ಕೆಜೋಳದ ವಿಸ್ಕಿ) ತುಂಬಿ ಖಾಲಿ ಮಾಡಿದ ಓಕ್ ಪೀಪಾಯಿಯಲ್ಲಿ ಇಡುತ್ತಾರೆ. ಒಳಗೆ ಸುಟ್ಟ ಆ ಮರದಿಂದಲೇ ವೆನಿಲಾ ಘಮ ಬರೋದು.

ಬಾಟಲಿ ತೆಗೆದ ದಿನ ನಾನೂ ಎದುರಿಗೆ ಕೂತಿದ್ದೆ. ಒಂದು ಸಣ್ಣ ಪೆಗ್ ಹಾಕಿದೆ. ಅವನು ಬಿಯರ್ ರೂಢಿಯಲ್ಲಿ ದೊಡ್ಡ ಗುಟುಕೇ ಎಳೆದು ಕೆಮ್ಮಿದ, ಕಣ್ಣಲ್ಲಿ ನೀರು. ಸ್ಮೂತ್ ಅಂತ ಎಷ್ಟೇ ಹೊಗಳಿದರೂ ರಾ ಹೊಡೆದರೆ ಗಂಟಲು ಸುಡುತ್ತದೆ. ಶೇ. 40 ಅಂದರೆ ಶೇ. 40ವೇ. ಇದನ್ನು ಉಡುಗೊರೆ ಕೊಡುವವರು ಮೊದಲೇ ಹೇಳಿಬಿಡಬೇಕು, ನಾನು ಮರೆತಿದ್ದೆ. ಆಮೇಲೆ ಒಂದು ಟೀ ಚಮಚ ನೀರು ಹಾಕಿ, ಎರಡು ನಿಮಿಷ ಬಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ವಾಸನೆ ನೋಡು ಅಂದೆ. ಬಾಯಿ ಮುಚ್ಚಿಕೊಂಡು ಮೂಗು ಒಳಗಿಟ್ಟರೆ ಬರೀ ಸ್ಪಿರಿಟ್ ಘಾಟು ಹೊಡೆಯುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಕಿತ್ತಳೆ ಸಿಪ್ಪೆ ಉಗುರಲ್ಲಿ ಸುಲಿದ ಹಾಗಿದೆ" ಅಂದ. ನಾನು ಹೇಳಿಕೊಟ್ಟಿದ್ದಲ್ಲ! ಎರಡನೇ ಗುಟುಕಿಗೆ ಜೇನು, ವೆನಿಲಾ ಎಲ್ಲ ಸಿಕ್ಕಿತು. ಗ್ಲಾಸ್ ಖಾಲಿ ಮಾಡಿದ, ನನಗೆ ಅಷ್ಟೇ ಸಾಕಿತ್ತು.

ಕೊರತೆ ಇಲ್ಲವೇ ಅಂದರೆ ಇದೆ. ರುಚಿ ಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಸೋಡಾ ತುಂಬಿಸಿದರೆ ವಿಸ್ಕಿ ಎಲ್ಲಿದೆ ಅಂತ ಹುಡುಕಬೇಕು, ಮೇಲೆ ಐಸ್ ಬೇರೆ ಸುರಿದರೆ ಆ ಕಿತ್ತಳೆ ಘಮವೂ ಮುಚ್ಚಿಹೋಗುತ್ತದೆ. ನನ್ನಂಥವನಿಗೆ ಇದು ಸ್ವಲ್ಪ ಸಪ್ಪೆಯೇ. ಆದರೆ ಬಾಟಲಿ ನನಗಲ್ಲವಲ್ಲ.

ಸೋಡಾ ಅಥವಾ ಜಿಂಜರ್ ಏಲ್ ಬೆರೆಸಿಯೇ ಕುಡಿಯುವವರಾದರೆ ಐರ್ಲೆಂಡಿನ ಜೇಮ್ಸನ್ ಕೊಡಿ. ಮೂರು ಸಲ ಭಟ್ಟಿ ಇಳಿಸಿದ್ದು, ಮೊನಚು ಕಡಿಮೆ, ಬೆರೆಸಲೂ ಮನಸ್ಸು ಕಚ್ಚಲ್ಲ. ಸಿಹಿ ಇಷ್ಟಪಡುವವರಿಗೆ ಬಾಲ್ವೆನಿ ಡಬಲ್‌ವುಡ್ 12, ಅದನ್ನು ಕೊನೆಗೆ ಶೆರ್ರಿ ಅನ್ನೋ ಸ್ಪೇನಿನ ವೈನ್ ಇದ್ದ ಪೀಪಾಯಿಗೆ ಹಾಕಿ ತೆಗೆಯುತ್ತಾರೆ. ಮೇಕರ್ಸ್ ಮಾರ್ಕ್ ಅನ್ನೋ ಬರ್ಬನ್ ಬಗ್ಗೆ ತುಂಬಾ ಯೋಚಿಸಿದ್ದೆ. ಅದರಲ್ಲಿ ಖಾರದ ರೈ ಧಾನ್ಯದ ಬದಲು ಗೋಧಿ ಹಾಕುವುದರಿಂದ ಮೆತ್ತಗಿರುತ್ತದೆ, ಆದರೆ ಶೇ. 45, ಮೊದಲ ಸಲಕ್ಕೆ ಆ ಐದು ಜಾಸ್ತಿಯೇ ಅನ್ನಿಸಿ ಬಿಟ್ಟೆ. ಕಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ತೆಗೆದ ಮೇಲೆ ನೀರು ಬೆರೆಸದ್ದು) ಅಂತ ಬರೆದಿದ್ದರಂತೂ ಕಣ್ಣೆತ್ತಿಯೂ ನೋಡಬೇಡಿ, ಶೇ. 60ರ ಹತ್ತಿರದವೂ ಇರುತ್ತವೆ.

ಇನ್ನು ವರ್ಷದ ಲೆಕ್ಕ. 18, 21 ಅಂತ ನೋಡಿ ದುಡ್ಡು ಸುರಿಯುವವರು ತುಂಬಾ ಜನ. ಬಾಟಲಿ ಮೇಲಿನ ಅಂಕಿ ಅದರೊಳಗಿನ ಅತಿ ಎಳೆಯ ವಿಸ್ಕಿಯ ವಯಸ್ಸು ಅಷ್ಟೇ. ಸ್ಕಾಚ್ ಅನ್ನಿಸಿಕೊಳ್ಳಲು 3 ವರ್ಷ ಸಾಕು. ವಯಸ್ಸಾದಂತೆ ಮರದ ಒಗರೂ ಹೆಚ್ಚಾಗಬಹುದು, ಹೊಸಬರ ನಾಲಿಗೆಗೆ ಅದು ಯಾಕೆ? ಬಣ್ಣ ನೋಡಿಯೂ ಮರುಳಾಗಬೇಡಿ, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅನುಮತಿ ಇದೆ. ಅವರ ರುಚಿ ಏನೂ ಗೊತ್ತಿಲ್ಲದಿದ್ದರೆ ದೊಡ್ಡ ಬಾಟಲಿ ಬಿಟ್ಟು, 50 ಎಂಎಲ್‌ನ ಪುಟಾಣಿ ಬಾಟಲಿ ಮೂರು ನಾಲ್ಕು ಥರದ್ದು ಕೊಡಿ.

ಮೊನ್ನೆ ಅವನ ಮನೆಗೆ ಹೋದಾಗ ನೋಡಿದರೆ ಬಾಟಲಿಯನ್ನು ವೈನ್ ಥರ ಅಡ್ಡಡ್ಡ ಮಲಗಿಸಿಟ್ಟಿದ್ದಾನೆ. ಎತ್ತಿ ನಿಲ್ಲಿಸಿದೆ, ವಿಸ್ಕಿಯ ಸ್ಪಿರಿಟ್ ಸದಾ ತಾಗುತ್ತಿದ್ದರೆ ಕಾರ್ಕ್ ಹಾಳಾಗಿ ಪುಡಿ ಉದುರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅತಿಥಿಗಳಿಗೆ ಕೊಟ್ಟೆ ಅಂತಾನೆ, ನಾನು ನಂಬಲಿಲ್ಲ.