ದುಡಿದ ಗಂಟೆಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಎಲ್‌ಸಿಎಸ್‌ಡಬ್ಲ್ಯು ಮಾಡಲು ಹೊರಟವರಿಗೆ

ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಅಮೆರಿಕಕ್ಕೆ ಬಂದು, ಇಲ್ಲಿ ಸ್ವತಂತ್ರವಾಗಿ ಥೆರಪಿ ಮಾಡಲು ಬೇಕಾದ ಕ್ಲಿನಿಕಲ್ ಸೋಷಿಯಲ್ ವರ್ಕರ್ ಲೈಸೆನ್ಸ್ (ಎಲ್‌ಸಿಎಸ್‌ಡಬ್ಲ್ಯು) ತೆಗೆದುಕೊಳ್ಳಬೇಕು ಅಂತ ಹೊರಟಿರುವ ನಮ್ಮ ಕಡೆಯ ಹುಡುಗಿಯರು, ಹುಡುಗರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹನ್ನೊಂದು ತಿಂಗಳ ದುಡಿಮೆ, 1,150 ಗಂಟೆ, ಒಂದೇ ಒಂದು ಕಾಗದದಿಂದ ಸೊನ್ನೆಯಾಯಿತು. ಅದಾದ ಮೇಲೆ ಇನ್ನೊಂದು ಕಡೆ ಏಳು ವಾರದ ಗಂಟೆಗಳು ಹೋದವು. ಎರಡನ್ನೂ ತಪ್ಪಿಸಬಹುದಿತ್ತು. ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಹೇಳುವವರು ಯಾರೂ ಸಿಗಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನಾನು ಓದಿದ್ದು ಧಾರವಾಡದಲ್ಲಿ. ಆಮೇಲೆ ಹುಬ್ಬಳ್ಳಿಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ನಾನು ಓದಿದ ಕಾಲಕ್ಕೆ ಎಂಎಸ್‌ಡಬ್ಲ್ಯು ಆದವರಿಗೆ ಲೈಸೆನ್ಸ್ ಎಂಬ ಮಾತೇ ಇರಲಿಲ್ಲ. ಡಿಗ್ರಿ ಇದ್ದರೆ ಕೆಲಸ, ಕೆಲಸ ಮಾಡಿದರೆ ಅನುಭವ, ಅನುಭವ ಪತ್ರಕ್ಕೆ ಸಂಸ್ಥೆಯ ಸೀಲು. ಅಷ್ಟೇ. ಮದುವೆಯಾಗಿ, ಇಲ್ಲಿ ದುಡಿಯುವವರ ಹೆಂಡತಿ ಅಥವಾ ಗಂಡನಿಗೆ ಕೊಡುವ ಎಚ್‌4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದೆ. ಯಜಮಾನರ ಗ್ರೀನ್ ಕಾರ್ಡ್ ಅರ್ಜಿ ಮುಂದೆ ಸಾಗಿದ ಮೇಲೆ ನನಗೂ ಇಎಡಿ, ಅಂದರೆ ದುಡಿಯುವ ಪರವಾನಗಿ, ಸಿಕ್ಕಿತು. ನಮ್ಮ ಡಿಗ್ರಿ ಇಲ್ಲಿನ ಎಂಎಸ್‌ಡಬ್ಲ್ಯುಗೆ ಸಮ ಎಂದು ತೋರಿಸಲು ಕೌನ್ಸಿಲ್ ಆನ್ ಸೋಷಿಯಲ್ ವರ್ಕ್ ಎಜುಕೇಶನ್ ಎಂಬ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅದಕ್ಕೆ ಅಂಕಪಟ್ಟಿ, ಸಿಲಬಸ್, ಫೀಲ್ಡ್ ವರ್ಕಿನ ವಿವರ ಎಲ್ಲ ಊರಿಂದ ತರಿಸಿಕೊಂಡೆ. ಅಣ್ಣ ಅದಕ್ಕಾಗಿ ಹಾವೇರಿಯಿಂದ ಧಾರವಾಡಕ್ಕೆ ನಾಲ್ಕು ಸಲ ಹೋಗಿಬಂದ. ಅಂತೂ 2022ರಲ್ಲಿ ನನ್ನ ಹೆಸರಿಗೆ ಅಸೋಸಿಯೇಟ್ ನಂಬರ್, ಅಂದರೆ ಲೈಸೆನ್ಸ್‌ಗೆ ಮುಂಚೆ ಸೂಪರ್‌ವೈಸರ್ ಕೈಕೆಳಗೆ ಕೆಲಸ ಮಾಡುವವರ ನೋಂದಣಿ, ಬಂತು.

ಇಲ್ಲಿನ ಲೆಕ್ಕ ಹೀಗಿದೆ. ಲೈಸೆನ್ಸ್ ಕೊಡುವುದು ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್, ಎಲ್ಲರ ಬಾಯಲ್ಲಿ ಬಿಬಿಎಸ್. ಮೊದಲು ಅಸೋಸಿಯೇಟ್ ಆಗಿ ನೋಂದಾಯಿಸಿಕೊಳ್ಳಬೇಕು. ಆಮೇಲೆ ಸೂಪರ್‌ವೈಸರ್ ಕೈಕೆಳಗೆ 3,000 ಗಂಟೆ ಕೆಲಸ, ಕಡಿಮೆಯೆಂದರೂ 104 ವಾರ. ಒಂದು ವಾರಕ್ಕೆ 40 ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. 3,000ದಲ್ಲಿ 1,700 ಗಂಟೆಯಾದರೂ ಎಲ್‌ಸಿಎಸ್‌ಡಬ್ಲ್ಯು ಆಗಿರುವವರ ಕೈಕೆಳಗೇ ಆಗಿರಬೇಕು. ಉಳಿದದ್ದಕ್ಕೆ ಫ್ಯಾಮಿಲಿ ಥೆರಪಿಸ್ಟ್, ಸೈಕಾಲಜಿಸ್ಟ್ ಮೊದಲಾದ ಲೈಸೆನ್ಸ್ ಇರುವವರೂ ನಡೆಯುತ್ತದೆ. ಗಂಟೆಗಳಿಗೆ ಆಯಸ್ಸು ಆರು ವರ್ಷ. ಲೈಸೆನ್ಸ್ ಅರ್ಜಿ ಹಾಕುವ ಹೊತ್ತಿಗೆ ಅದಕ್ಕಿಂತ ಹಳೆಯದಾದರೆ ಉದುರಿಹೋಗುತ್ತವೆ. ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿದ್ದದ್ದೇ ಕಷ್ಟಕ್ಕೆ ಬಂತು.

2022ರ ಮಾರ್ಚ್‌ನಲ್ಲಿ ಒಂದು ಸಣ್ಣ ಕೌನ್ಸೆಲಿಂಗ್ ಸೆಂಟರ್ ಸೇರಿದೆ. ಹೆಸರು ಬೇಡ. ನಡೆಸುವವರು ಚೆನ್ನಾಗಿ ಮಾತಾಡಿಸಿದರು. ದಕ್ಷಿಣ ಏಷ್ಯಾದ ಕುಟುಂಬಗಳು ತುಂಬ ಬರುತ್ತವೆ, ನಿಮ್ಮಂಥವರೇ ಬೇಕು ಅಂದರು. ವಾರಕ್ಕೆ 25 ಗಂಟೆ. ಸೂಪರ್‌ವೈಸರ್ ಹಿರಿಯ ಎಲ್‌ಸಿಎಸ್‌ಡಬ್ಲ್ಯು, ಪ್ರತಿ ಬುಧವಾರ ಕೂತು ಒಂದೊಂದು ಕೇಸನ್ನೂ ಬಿಡಿಸಿ ಕೇಳುತ್ತಿದ್ದ ಒಳ್ಳೆಯ ಹೆಂಗಸು. ತಿಂಗಳಿಗೊಂದು ಚೆಕ್ ಬರುತ್ತಿತ್ತು. ಅದರಲ್ಲಿ ಏನೂ ಕಡಿತವಿರಲಿಲ್ಲ, ಜೊತೆಗೆ ಸಂಬಳದ ಚೀಟಿಯೂ ಇರಲಿಲ್ಲ. ನನಗೆ ಅನುಮಾನ ಬರಲಿಲ್ಲ. ಊರಿನ ಎನ್‌ಜಿಒಗಳಲ್ಲಿ ಗೌರವಧನ ಅಂತ ಹೀಗೇ ಕೊಡುತ್ತಿದ್ದರಲ್ಲ, ಇದೂ ಹಾಗೇ ಅಂದುಕೊಂಡೆ.

2023ರ ಜನವರಿ ಕೊನೆಗೆ ಒಂದು ಲಕೋಟೆ ಬಂತು. ಯಜಮಾನರು ಅಡುಗೆಮನೆಯ ಟೇಬಲ್ ಮೇಲೆ ಟ್ಯಾಕ್ಸ್ ಕಾಗದಗಳನ್ನು ಹರವಿಕೊಂಡು ಕೂತಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಲಕೋಟೆ ಒಡೆದು ನೋಡಿ, “ಇದು ಡಬ್ಲ್ಯು-2 ಅಲ್ಲ ನೋಡು. 1099 ಕಳ್ಸ್ಯಾರ. ನಿನ್ನ ಸಂಬಳದಾಗ ಒಂದು ಡಾಲರ್ ಟ್ಯಾಕ್ಸೂ ಹಿಡದಿಲ್ಲ ಇವರು. ನೀನು ಇವರ ನೌಕರಳೇ ಅಲ್ಲಂತ,” ಅಂದರು. ಡಬ್ಲ್ಯು-2 ಅಂದರೆ ನೌಕರರಿಗೆ ಮಾಲೀಕರು ವರ್ಷಕ್ಕೊಮ್ಮೆ ಕೊಡುವ ಸಂಬಳ, ತೆರಿಗೆಯ ಪತ್ರ; 1099 ಸ್ವತಂತ್ರ ಗುತ್ತಿಗೆದಾರರಿಗೆ ಕೊಡುವಂಥದ್ದು. ಅವರಿಗೆ ಚಿಂತೆಯಾಗಿದ್ದು ಟ್ಯಾಕ್ಸಿನದು. 1099 ಬಂದರೆ ಮಾಲೀಕರು ಕಟ್ಟಬೇಕಾದ ಪಾಲನ್ನೂ ಸೇರಿಸಿ 15.3 ಪರ್ಸೆಂಟ್ ಸ್ವಯಂ ಉದ್ಯೋಗದ ತೆರಿಗೆ ನಾವೇ ಕಟ್ಟಬೇಕು. ಅದೊಂದು ಪೆಟ್ಟು ಅಂದುಕೊಂಡು ಆ ರಾತ್ರಿ ಬಿಬಿಎಸ್ ನಿಯಮ ತೆಗೆದು ಓದುತ್ತಾ ಕೂತೆ. ದೊಡ್ಡ ಪೆಟ್ಟು ಅಲ್ಲಿತ್ತು.

ಅಸೋಸಿಯೇಟ್ ಆದವರು ಒಂದೋ ಡಬ್ಲ್ಯು-2 ಪಡೆಯುವ ನೌಕರರಾಗಿರಬೇಕು, ಇಲ್ಲವೇ ಸ್ವಯಂಸೇವಕರಾಗಿರಬೇಕು. ಗುತ್ತಿಗೆಯ ಮೇಲೆ ಸ್ವತಂತ್ರವಾಗಿ ದುಡಿದ ಗಂಟೆಗಳನ್ನು ಬೋರ್ಡ್ ಒಪ್ಪುವುದಿಲ್ಲ. ಯೋಚನೆ ಮಾಡಿದರೆ ಅದರ ಹಿಂದಿನ ಕಾರಣ ಸರಿಯಾಗಿಯೇ ಇದೆ. ಅಸೋಸಿಯೇಟ್ ಸ್ವತಂತ್ರವಾಗಿ ಥೆರಪಿ ಮಾಡುವ ಹಾಗಿಲ್ಲ, ಮಾಲೀಕರೂ ಸೂಪರ್‌ವೈಸರೂ ಅವರ ಕೆಲಸಕ್ಕೆ ಹೊಣೆ. ಕಾಗದದ ಮೇಲೆ ‘ಸ್ವತಂತ್ರ ಗುತ್ತಿಗೆದಾರಳು’ ಎಂದು ಬರೆದ ಮೇಲೆ ಆ ಹೊಣೆ ಯಾರದ್ದೂ ಅಲ್ಲ. ಸೂಪರ್‌ವೈಸರ್ ಸಹಿ ಮಾಡುವ ಅನುಭವ ದೃಢೀಕರಣ ಪತ್ರದ ಜೊತೆ ಡಬ್ಲ್ಯು-2 ಪ್ರತಿಯನ್ನೂ ಲಗತ್ತಿಸಬೇಕು. ನನ್ನ ಹತ್ತಿರ ಲಗತ್ತಿಸಲು ಏನಿತ್ತು?

46 ವಾರ, ವಾರಕ್ಕೆ 25 ಗಂಟೆ. ಹೋಯಿತು.

ಮರುದಿನ ಸೆಂಟರಿನವರನ್ನು ಕೇಳಿದೆ. ದಾಖಲೆ ತಿದ್ದಿ ನೌಕರಳೆಂದು ತೋರಿಸಿ, ನನ್ನ ಪಾಲಿನ ತೆರಿಗೆ ಏನಿದೆಯೋ ಕಟ್ಟುತ್ತೇನೆ ಎಂದೆ. “ಒಪ್ಪಂದಕ್ಕೆ ಸಹಿ ಮಾಡಿದವರು ನೀವೇ ಅಲ್ಲವೇ” ಅಂದರು. ತೆಗೆದು ನೋಡಿದರೆ ಹೌದು, ಮೂರನೆಯ ಪುಟದಲ್ಲಿ ಸ್ವತಂತ್ರ ಗುತ್ತಿಗೆದಾರಳು ಎಂಬ ಒಂದೇ ಸಾಲು. ಸೂಪರ್‌ವೈಸರ್‌ಗೂ ನನ್ನನ್ನು ಹೀಗೆ ಇಟ್ಟುಕೊಂಡದ್ದು ಗೊತ್ತಿರಲಿಲ್ಲ. ಆಕೆ ಕಣ್ಣಲ್ಲಿ ನೀರು ತಂದುಕೊಂಡರು. ಆದರೆ ಅವರ ಸಹಿಯಿಂದ ಇದನ್ನು ಸರಿಮಾಡಲು ಆಗುತ್ತಿರಲಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ದುಡದದ್ದು ಹೆಂಗ ಹೋಗತೈತವಾ? ನೀ ದಿನಾ ಹೋಗಿದ್ದಿ, ಮಂದಿ ಕಷ್ಟ ಕೇಳಿದ್ದಿ. ಅದು ಹೆಂಗ ಇಲ್ಲ ಅಂತಾರ?” ಅಂದಳು. ಅವಳ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಆ ಹನ್ನೊಂದು ತಿಂಗಳಲ್ಲಿ ನನ್ನ ಮುಂದೆ ಕೂತು ಅತ್ತವರು ನಿಜವಾಗಿಯೂ ಅತ್ತಿದ್ದಾರೆ, ಕೆಲವರು ನಿಜವಾಗಿಯೂ ಚೇತರಿಸಿಕೊಂಡಿದ್ದಾರೆ. ಆ ಕೆಲಸ ಸುಳ್ಳಲ್ಲ. ಬೋರ್ಡಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಿಲ್ಲ.

ಏಪ್ರಿಲ್‌ನಲ್ಲಿ ಕೌಂಟಿ ಸರ್ಕಾರದ ಜೊತೆ ಕೆಲಸ ಮಾಡುವ ಒಂದು ದೊಡ್ಡ ಸಂಸ್ಥೆ ಸೇರಿದೆ. ಈ ಸಲ ಮೊದಲ ದಿನವೇ ಡಬ್ಲ್ಯು-2 ಅಂತ ಬರೆಸಿಕೊಂಡೆ. ಇಲ್ಲಿ ಎಡವಿದ್ದು ಬೇರೆ ಕಡೆ. ಸೂಪರ್‌ವೈಸರ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಸೂಪರ್‌ವಿಷನ್ ಶುರುಮಾಡುವ ಮೊದಲಿನ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಆ ಲೈಸೆನ್ಸ್ ಇದ್ದಿರಬೇಕು. ಸೇರಿದಾಗ ನೋಡಿದ್ದೆ, ಎಲ್ಲ ಸರಿಯಿತ್ತು. ಆದರೆ ಇಲ್ಲಿ ಲೈಸೆನ್ಸನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ನಡುವೆ ಅವರು ಅದನ್ನು ಮರೆತರು. ಮನೆಯಲ್ಲಿ ಏನೋ ಕಷ್ಟವಿತ್ತಂತೆ, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಏಳು ವಾರ ಲೈಸೆನ್ಸ್ ಅವಧಿ ಮುಗಿದೇ ಇತ್ತು. ವಾರಕ್ಕೆ 32ರಂತೆ ನನ್ನ 224 ಗಂಟೆ ಹೋದವು. ಬ್ರೀಜ್ ಎಂಬ ಸರ್ಕಾರಿ ತಾಣದಲ್ಲಿ ಯಾರ ಲೈಸೆನ್ಸ್ ಬೇಕಾದರೂ ಯಾರು ಬೇಕಾದರೂ ನೋಡಬಹುದು, ಅರ್ಧ ನಿಮಿಷದ ಕೆಲಸ. ಸೂಪರ್‌ವೈಸರ್ ಹೆಸರು ಹಾಕಿ ಲೈಸೆನ್ಸ್ ಮುಗಿಯುವ ತಾರೀಖು ಬರೆದಿಟ್ಟುಕೊಳ್ಳಿ, ಆ ತಾರೀಖಿಗೆ ಹದಿನೈದು ದಿನ ಮೊದಲು ಅವರಿಗೆ ನೆನಪು ಮಾಡಿ. ಹಿರಿಯರಿಗೆ ಹೇಗೆ ಹೇಳುವುದು ಎಂಬ ಸಂಕೋಚ ನಮ್ಮವರಿಗೆ ಜಾಸ್ತಿ, ನನಗೂ ಅದೇ ಆಯಿತು. ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ, ನಮ್ಮ ದೇಶದಲ್ಲಿ ಓದಿ ಬಂದವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಾವು ಕಲಿತ ಸಮಾಜಕಾರ್ಯದ ಜೀವವೇ ಓಡಾಟ. ಪಡಿತರ ಚೀಟಿ ಮಾಡಿಸಿಕೊಡುವುದು, ವಿಧವಾ ವೇತನಕ್ಕೆ ಅರ್ಜಿ ಬರೆಯುವುದು, ಮನೆಗೆ ಹೋಗಿ ಗಂಡನನ್ನೂ ಅತ್ತೆಯನ್ನೂ ಕೂರಿಸಿ ಮಾತಾಡುವುದು. ಇಲ್ಲೂ ನಾನು ಅದನ್ನೇ ಮಾಡಿದೆ. ಆಹಾರ ನೆರವಿಗೆ ಕ್ಯಾಲ್‌ಫ್ರೆಶ್ ಅರ್ಜಿ ತುಂಬಿಸಿದೆ, ಬಸ್ ಪಾಸ್ ಕೊಡಿಸಿದೆ, ಬಾಡಿಗೆ ಮನೆಯವರಿಗೆ ಫೋನ್ ಮಾಡಿದೆ. ಜನಕ್ಕೆ ಬೇಕಾಗಿದ್ದೂ ಅದೇ. ಆದರೆ 3,000 ಗಂಟೆಯಲ್ಲಿ ಇಂಥ ಕೆಲಸ, ಜೊತೆಗೆ ತರಬೇತಿ, ಸೂಪರ್‌ವಿಷನ್ ಎಲ್ಲ ಸೇರಿ 1,000 ದಾಟುವಂತಿಲ್ಲ. ಉಳಿದ 2,000 ರೋಗನಿರ್ಣಯ, ಅಸೆಸ್‌ಮೆಂಟ್, ಚಿಕಿತ್ಸೆ ಆಗಿರಬೇಕು. ಅದರಲ್ಲಿ 750 ಗಂಟೆ ಕ್ಲೈಂಟ್ ಜೊತೆ ಎದುರುಬದುರು ಕೂತು ಮಾಡಿದ ಸೈಕೋಥೆರಪಿಯೇ ಆಗಿರಬೇಕು. ಈ ಎರಡನೆಯ ಸಂಸ್ಥೆಯಲ್ಲಿ ಗಂಟೆ ಬರೆದಿಡುವ ನನ್ನ ಮೊದಲ ಆರು ತಿಂಗಳ ಹಾಳೆಗಳಲ್ಲಿ ಥೆರಪಿಯ ಕಾಲಂ ಹೆಚ್ಚುಕಡಿಮೆ ಖಾಲಿ. ಮ್ಯಾನೇಜರ್ ಹತ್ತಿರ ಹೋಗಿ ಹಾಳೆ ತೋರಿಸಿ, ಥೆರಪಿ ಕೇಸ್ ಕೊಡಿ ಎಂದು ಕೇಳಿದ ಮೇಲೆ ಹಂಚಿಕೆ ಬದಲಾಯಿತು. ಕೆಲಸಕ್ಕೆ ಸೇರುವಾಗಲೇ ‘ವಾರಕ್ಕೆ ಎಷ್ಟು ಥೆರಪಿ ಗಂಟೆ ಸಿಗುತ್ತದೆ’ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಕೆಲಸ ನಿಮ್ಮ ಲೈಸೆನ್ಸಿಗೆ ಆಗಿಬರುವುದಿಲ್ಲ.

ಹೇಗೂ ಹೇಳುತ್ತಿದ್ದೇನೆ, ಕಾಗದಗಳ ವಿಷಯ ಪೂರ್ತಿ ಹೇಳಿಬಿಡುತ್ತೇನೆ. 2022ರಿಂದ ಸೂಪರ್‌ವಿಷನ್ ಒಪ್ಪಂದ ಎಂಬ ಫಾರ್ಮ್ ಬಂದಿದೆ. ಸೂಪರ್‌ವಿಷನ್ ಶುರುವಾದ 60 ದಿನದೊಳಗೆ ಇಬ್ಬರೂ ಸಹಿ ಮಾಡಿರಬೇಕು. ಸೂಪರ್‌ವೈಸರ್ ಬದಲಾದರೆ ಹೊಸದು. ವಾರದ ಲಾಗ್ ಹಾಳೆಗೆ ಆಯಾ ವಾರವೇ ಸಹಿ ಹಾಕಿಸಿ, ತಿಂಗಳಿಗೊಮ್ಮೆ ಒಟ್ಟಿಗೆ ಅಂತ ಬಿಡಬೇಡಿ. ಕೆಲಸ ಮಾಡುವ ಪ್ರತಿಯೊಂದು ಜಾಗಕ್ಕೂ ವಾರಕ್ಕೆ ಒಂದು ಗಂಟೆ ಒಬ್ಬೊಬ್ಬರಾಗಿ ಇಲ್ಲವೇ ಎರಡು ಗಂಟೆ ಗುಂಪಿನಲ್ಲಿ ಸೂಪರ್‌ವಿಷನ್ ಆಗಿರಬೇಕು. ಥೆರಪಿ 10 ಗಂಟೆ ದಾಟಿದ ವಾರ ಇನ್ನೊಂದು ಸಲ ಆಗಬೇಕು. ಸೂಪರ್‌ವೈಸರ್ ಕೆಲಸ ಬಿಡುತ್ತಿದ್ದಾರೆ ಎಂದು ಗೊತ್ತಾದ ದಿನವೇ ಅನುಭವ ದೃಢೀಕರಣ ಪತ್ರ ಮುಂದಿಟ್ಟು ಅಲ್ಲಿಯವರೆಗಿನ ಗಂಟೆಗಳಿಗೆ ಸಹಿ ಮಾಡಿಸಿಕೊಳ್ಳಿ. ಬೇರೆ ರಾಜ್ಯಕ್ಕೆ ಹೋದವರನ್ನು ಹುಡುಕಿಕೊಂಡು ಹೋಗುವ ಪಾಡು ನನ್ನ ಸಹೋದ್ಯೋಗಿಗೆ ಬಂದಿತ್ತು.

ಇಲ್ಲೇ ಎಂಎಸ್‌ಡಬ್ಲ್ಯು ಓದಿದ ಮಕ್ಕಳಿಗೆ ಒಂದು ಅನುಕೂಲವಿದೆ. ಡಿಗ್ರಿ ಬಂದ 90 ದಿನದೊಳಗೆ ಅಸೋಸಿಯೇಟ್ ಅರ್ಜಿ ಬೋರ್ಡಿಗೆ ತಲುಪಿದರೆ, ನಂಬರ್ ಬರುವ ಮುಂಚಿನ ಗಂಟೆಗಳೂ ಸಿಗಬಹುದು. ಆದರೆ ಕೆಲಸ ಶುರುಮಾಡುವ ಮೊದಲೇ ಆ ಸಂಸ್ಥೆ ಲೈವ್ ಸ್ಕ್ಯಾನ್ ಬೆರಳಚ್ಚು ತೆಗೆಸಿರಬೇಕು. ಅದರ ದಾಖಲೆ ಕೇಳಿ ಇಟ್ಟುಕೊಳ್ಳಿ. ಎಚ್‌4ನಲ್ಲಿರುವವರು ಇಎಡಿ ನವೀಕರಣಕ್ಕೆ ಆದಷ್ಟು ಬೇಗ ಹಾಕಿ. ನನ್ನದು ತಡವಾಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತೆ, ನನ್ನ ಕ್ಲೈಂಟ್‌ಗಳನ್ನು ಬೇರೆಯವರ ಕೈಗೆ ಒಪ್ಪಿಸಬೇಕಾಯಿತು. ಇದೆಲ್ಲ ಕ್ಯಾಲಿಫೋರ್ನಿಯಾದ ಲೆಕ್ಕ, ಬೇರೆ ರಾಜ್ಯಗಳದ್ದು ಬೇರೆ. ಟೆಕ್ಸಾಸ್‌ನಲ್ಲೂ 3,000 ಗಂಟೆಯೇ, ಆದರೆ ಅಲ್ಲಿ ಸೂಪರ್‌ವಿಷನ್ನಿನ 100 ಗಂಟೆ ಬೇರೆಯಾಗಿ ಎಣಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ ಕ್ಲೈಂಟ್ ಜೊತೆ ಕಳೆದ 2,000 ಗಂಟೆಯ ಲೆಕ್ಕ. ನೀವಿರುವ ರಾಜ್ಯದ ಬೋರ್ಡಿನ ನಿಯಮ ನೀವೇ ಓದಿ. ಸಂಸ್ಥೆಯ ಎಚ್‌ಆರ್ ಹೇಳಿದ್ದನ್ನು, ಗೆಳತಿ ಹೇಳಿದ್ದನ್ನು, ನಾನು ಹೇಳಿದ್ದನ್ನು ಕೂಡ ಬೋರ್ಡಿನ ಕೈಪಿಡಿಯ ಜೊತೆ ತಾಳೆ ನೋಡಿ.

ನಾನೀಗ 2,400 ದಾಟಿದ್ದೇನೆ. ಕಳೆದ ತಿಂಗಳು ಬೆಂಗಳೂರಿನಲ್ಲಿ ಓದಿ ಬಂದ ಒಬ್ಬ ಹುಡುಗಿ ತನ್ನ ಮೊದಲ ಆಫರ್ ಲೆಟರ್ ಕಳಿಸಿ, “ಅಕ್ಕಾ, ಒಂದ್ಸಲ ನೋಡ್ತೀರಾ?” ಅಂದಳು. ಸಂಬಳ, ರಜೆ ಎಲ್ಲ ಬಿಟ್ಟು ಸೀದಾ ಕೊನೆಯ ಪುಟಗಳಿಗೆ ಹೋದೆ. ಅದೇ ಸಾಲು. ಸಹಿ ಹಾಕಬೇಡ, ಡಬ್ಲ್ಯು-2 ಮಾಡಿಕೊಡಿ ಎಂದು ಮೇಲ್ ಬರಿ ಅಂದೆ. ಕೆಲಸವೇ ಕೈತಪ್ಪಿದರೆ ಅಂತ ಅವಳಿಗೆ ಭಯ. ಇಬ್ಬರೂ ಕೂತು ನಾಲ್ಕು ಸಾಲಿನ ಮೇಲ್ ಬರೆದೆವು. ಮೂರು ದಿನಕ್ಕೆ ಹೊಸ ಪತ್ರ ಬಂತು, ಆ ಸಾಲು ತೆಗೆದಿದ್ದರು. ಮುಂದಿನ ಸೋಮವಾರ ಅವಳು ಕೆಲಸಕ್ಕೆ ಸೇರುತ್ತಾಳೆ.