ರೋಬೋಕಪ್ 2ಡಿ ಸಿಮ್ಯುಲೇಟರ್: ಕಾಣದ್ದನ್ನು ಊಹಿಸಿ ಆಡುವ ಹನ್ನೊಂದು ಪ್ರೋಗ್ರಾಂಗಳು

ಕೃತಕ ಬುದ್ಧಿಮತ್ತೆಯನ್ನು ಕೈಯಾರೆ ಮಾಡಿ ಕಲಿಯಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವ ಸಾಫ್ಟ್‌ವೇರ್ ರೋಬೋಕಪ್ 2ಡಿ ಸಿಮ್ಯುಲೇಟರ್: ಕಂಪ್ಯೂಟರಿನೊಳಗೇ ಪ್ರೋಗ್ರಾಂಗಳು ಫುಟ್‌ಬಾಲ್ ಆಡುವ ಮೈದಾನ. ಓಪನ್ ಸೋರ್ಸ್, ಕಾಸು ಖರ್ಚಿಲ್ಲ. ರೋಬೋ ಕೊಳ್ಳಲಾಗದವರೂ ರೋಬೋ ಫುಟ್‌ಬಾಲ್‌ಗೆ ಇಳಿಯಬಹುದು.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿತು. ಅದೇ ವರ್ಷ ಜಪಾನಿನ ನಗೋಯಾದಲ್ಲಿ ರೋಬೋ ಫುಟ್‌ಬಾಲ್ ಪಂದ್ಯಾವಳಿಯಾದ ರೋಬೋಕಪ್ ಮೊದಲ ಬಾರಿಗೆ ನಡೆಯಿತು, ಈ ಸಿಮ್ಯುಲೇಟರ್ ಆಗಲೇ ಕಣದಲ್ಲಿತ್ತು. ಚೆಸ್‌ನಲ್ಲಿ ಇಡೀ ಹಲಗೆ ಕಣ್ಣೆದುರಿಗಿರುತ್ತದೆ. ಇಲ್ಲಿ ಹಾಗಿಲ್ಲ, ಸಂಶೋಧಕರನ್ನು ಇದು ಇಷ್ಟು ವರ್ಷ ಹಿಡಿದಿಟ್ಟಿರುವುದೂ ಅದಕ್ಕೇ.

ತಂಡವೆಂದರೆ ಹನ್ನೊಂದು ಬೇರೆ ಬೇರೆ ಪ್ರೋಗ್ರಾಂ. ಸೆಕೆಂಡಿಗೆ ಹತ್ತರಂತೆ 6000 ಸುತ್ತು, ಒಟ್ಟು ಹತ್ತು ನಿಮಿಷದ ಆಟ. ಸುತ್ತು ಮುಗಿಯುವುದರೊಳಗೆ ತೀರ್ಮಾನ ಕಳಿಸದಿದ್ದರೆ ಆ ಅವಕಾಶ ಕೈತಪ್ಪಿತು. ಆಟಗಾರನಿಗೆ ಕಾಣುವುದು ಮುಖ ತಿರುಗಿಸಿದ ಕಡೆಯದು ಮಾತ್ರ. ದೂರದವನ ಜೆರ್ಸಿ ನಂಬರ್ ಮೊದಲು ಅಳಿಸುತ್ತದೆ, ಇನ್ನೂ ದೂರವಾದರೆ ಅವನು ಯಾವ ತಂಡದವನೆಂಬುದೂ ತಿಳಿಯುವುದಿಲ್ಲ, ಯಾರೋ ಒಬ್ಬ ನಿಂತಿದ್ದಾನೆ ಅಷ್ಟೇ. ನೋಟ ಅಗಲ ಮಾಡಿಕೊಂಡರೆ ಸುದ್ದಿ ತಡವಾಗಿ ಬರುತ್ತದೆ. ಕೂಗಿ ಹೇಳೋಣವೆಂದರೆ ಒಂದು ಸಲಕ್ಕೆ ಹತ್ತೇ ಅಕ್ಷರ! ಚೆಂಡು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅನ್ನುವುದನ್ನು ಅಷ್ಟರಲ್ಲೇ ಅಡಕ ಮಾಡಲು ತಂಡಗಳು ಕಟ್ಟಿಕೊಂಡ ಸಂಕೇತಗಳನ್ನು ಕೋಡ್‌ನಲ್ಲಿ ಓದುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕೃತಕ ಬುದ್ಧಿಮತ್ತೆ ಸಂಶೋಧಕ ಪೀಟರ್ ಸ್ಟೋನ್ ಮತ್ತು ಸಂಗಡಿಗರು ಇದರೊಳಗೇ ಕೀಪ್‌ಅವೇ ಎಂಬ ಪುಟ್ಟ ಆಟ ರೂಪಿಸಿದರು: ಮೂವರು ಚೆಂಡು ಉಳಿಸಿಕೊಳ್ಳಬೇಕು, ಇಬ್ಬರು ಕಸಿಯಬೇಕು. ಯಾರಿಗೆ, ಯಾವಾಗ ಪಾಸ್ ಕೊಡಬೇಕೆಂದು ಪ್ರೋಗ್ರಾಂ ತಾನೇ ಆಡಿ ಕಲಿಯುತ್ತದೆ. ಹೀಗೆ ಮಾಡಿ ನೋಡಿ, ಫಲ ಕಂಡು ಕಲಿಯುವ ವಿಧಾನವಾದ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಅನ್ನು ಹೊಸದಾಗಿ ಕಲಿಯುವವರು ಇಲ್ಲಿಂದಲೇ ಶುರು ಮಾಡಲಿ, ಹನ್ನೊಂದು ಜನರ ಗೋಜು ಆಮೇಲೆ.

ಕೊರತೆಯೂ ಇದೆ. ಪರದೆಯ ಮೇಲೆ ಓಡುವುದು ಬರೀ ವೃತ್ತಗಳು. ವಿಡಿಯೋ ಗೇಮ್ ನಿರೀಕ್ಷಿಸಿದವರಿಗೆ ನಿರಾಸೆಯೇ. ಲಿನಕ್ಸ್, ಸಿ++ ಎರಡೂ ಗೊತ್ತಿಲ್ಲದಿದ್ದರೆ ಮೊದಲ ಹೆಜ್ಜೆಯೇ ಕಷ್ಟ. ಈ ಪಂದ್ಯಾವಳಿಯಲ್ಲಿ ಆಡುವ ಹೀಲಿಯೋಸ್ ತಂಡ ಎಲ್ಲರಿಗೂ ಬಿಟ್ಟುಕೊಟ್ಟಿರುವ ಬೇಸ್ ಕೋಡ್, ಅಂದರೆ ತಂಡ ಕಟ್ಟಲು ಬೇಕಾದ ಆರಂಭದ ಪ್ರೋಗ್ರಾಂ, ದೊಡ್ಡ ಉಪಕಾರ. ಆದರೆ ಅದನ್ನು ಹಾಗೇ ಆಡಿಸಿ ಗೆದ್ದರೆ ಕಲಿತಂತಾಗುವುದಿಲ್ಲ, ಪಾಸ್ ಆಯ್ಕೆ ಮಾಡುವ ಭಾಗವನ್ನಾದರೂ ಸ್ವಂತವಾಗಿ ಬರೆಯಿರಿ.

ಜೊತೆಗೆ ಪಂದ್ಯವನ್ನು ಪರದೆಯ ಮೇಲೆ ತೋರಿಸುವ ಸಾಕರ್‌ವಿಂಡೋ2 ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಲೇಬೇಕು. ಚೆಂಡು ನಿಜಕ್ಕೂ ಎಲ್ಲಿದೆ, ಅದು ಎಲ್ಲಿದೆಯೆಂದು ಆಟಗಾರ ಅಂದುಕೊಂಡಿದ್ದಾನೆ, ಎರಡನ್ನೂ ಅದರಲ್ಲಿ ನೋಡಬಹುದು. ಡಿಫೆಂಡರ್ ಸುಮ್ಮನೆ ನಿಂತು ಗೋಲು ಬಿಟ್ಟದ್ದೇಕೆ ಅನ್ನುವುದು ಸಾಮಾನ್ಯವಾಗಿ ಈ ಎರಡರ ಅಂತರದಲ್ಲೇ ಸಿಗುತ್ತದೆ.